ಅರ್ಧಕ್ಕೆ ಮಂಜೂರಾತಿ

ಅರ್ಧ ಉಸ್ಮಾನಿಯಾ ಬಿಸ್ಕೀಟನ್ನು ಇಪ್ಪತ್ತು ನಿಮಿಷ ಕೂತು ತಿನ್ನಬಲ್ಲ ಮನುಷ್ಯನನ್ನು ನನ್ನ ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಹೋದ ತಿಂಗಳು ತೀರಿಕೊಂಡರು. ದಿಲ್‌ಸುಖ್‌ನಗರದ ಅವರ ಮನೆಗೆ ಹನ್ನೊಂದನೆಯ ದಿನದ ಊಟಕ್ಕೆ ಹೋಗಿ ಬಂದಾಗಿನಿಂದ ನನಗೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಹಾಲು ಉಕ್ಕಿಸುತ್ತೇನೆ, ಬಸ್ಸು ತಪ್ಪಿಸಿಕೊಳ್ಳುತ್ತೇನೆ. ಬರೆದರೆ ಎದೆ ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರು. ನೋಡೋಣ ಎಂದು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಇದ್ದಾರೆ, ಮನೆಯ ಮಾತನ್ನು ಊರ ಮುಂದೆ ಹರವಿದಳು ಎಂದು ಅವರಿಗೆ ಅನ್ನಿಸಬಾರದು. ನಾನಾದರೂ ಅವರನ್ನು ಎಂದೂ ಹೆಸರಿನಿಂದ ಕರೆದವಳಲ್ಲ. ಬೇರೆಯವರ ಮುಂದೆ ಸೂಪರಿಂಟೆಂಡೆಂಟರು, ನಮ್ಮ ನಮ್ಮಲ್ಲಿ ಕಾಕಾ. ಅವರ ಹೆಂಡತಿ ಕಾಕು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹೈದರಾಬಾದಿನ ನಾಂಪಲ್ಲಿ ಕಡೆಯ ಒಂದು ಸರ್ಕಾರಿ ಕಚೇರಿಗೆ ಟೈಪಿಸ್ಟಾಗಿ ಸೇರಿದೆ. ನನಗೆ ಆಗ ಇಪ್ಪತ್ತಮೂರು. ಸೆಕ್ಷನ್ನಿನಲ್ಲಿ ಮಾತೆಲ್ಲ ತೆಲುಗು, ಬೈಗುಳವೆಲ್ಲ ಉರ್ದು, ಬರೆಯುವುದೆಲ್ಲ ಇಂಗ್ಲಿಷು. ಮೊದಲ ದಿನವೇ ಟೈಪ್‌ರೈಟರಿನ ರಿಬ್ಬನ್ನು ಸಿಕ್ಕು ಬಿದ್ದು, ಎರಡೂ ಕೈ ಮಸಿಯಾಗಿ, "ಅಯ್ಯ ಶಿವನ, ಇದೇನು ಗಂಟು ಬಿತ್ತಪಾ" ಎಂದು ಗೊಣಗಿಕೊಂಡೆ. ಎದುರಿನ ದೊಡ್ಡ ಮೇಜಿನ ಹಿಂದೆ ಫೈಲುಗಳ ನಡುವಿನಿಂದ ಒಂದು ಬೋಳುತಲೆ ಮೇಲೆದ್ದಿತು.

"ಏನವಾ, ನಮ್ಮ ಕಡಿಯಾಕಿ ಏನು ನೀನು?"

ನಮ್ಮ ಹಿರಿಯರೂ ಅವರ ಹಿರಿಯರೂ ರಾಯಚೂರು ಸೀಮೆಯವರೇ. ರಾಜ್ಯಗಳು ಬೇರೆಯಾದಾಗ ಅವರು ಇಪ್ಪತ್ತರ ಆಸುಪಾಸಿನ ಗುಮಾಸ್ತ. "ಊರು ಆ ಕಡಿ ಹೋತು, ನೌಕರಿ ಈ ಕಡಿ ಉಳೀತು, ನಾ ನೌಕರಿ ಕೂಡ ಉಳಿದ್ನಿ," ಅನ್ನುತ್ತಿದ್ದರು. ಆ ಮಾತಿನಲ್ಲಿ ಅಳಲೇನೂ ಇರುತ್ತಿರಲಿಲ್ಲ. ಅವರಿಗೆ ಹೈದರಾಬಾದಿನ ಮೇಲೆ ಜೀವ. ಅದರಲ್ಲೂ ನಮ್ಮ ಕಚೇರಿಯ ಎದುರಿನ ಇರಾನಿ ಹೋಟೆಲಿನ ಮೇಲೆ, ಅಲ್ಲಿನ ಉಸ್ಮಾನಿಯಾ ಬಿಸ್ಕೀಟಿನ ಮೇಲೆ.

ನಾನು ಸೇರುವ ಹೊತ್ತಿಗಾಗಲೇ ಅವರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಈಗಿನ ಹಾಗೆ ಬೆರಳು ಚುಚ್ಚಿ ನೋಡುವ ಯಂತ್ರ ಆಗ ಮನೆಗಳಲ್ಲಿ ಎಲ್ಲಿತ್ತು! ಬೆಳಿಗ್ಗೆ ಎದ್ದ ಕೂಡಲೇ ಒಂದು ಗಾಜಿನ ನಳಿಕೆಯಲ್ಲಿ ನೀಲಿ ಔಷಧ ಹಾಕಿ, ಅದರಲ್ಲಿ ನಾಲ್ಕು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆಯ ಕೆಂಪಾದರೆ ಕೆಟ್ಟಿತು. ಈ ಬೆಳಗಿನ ಬಣ್ಣವನ್ನು ಕಾಕಾ ಇಡೀ ಸೆಕ್ಷನ್ನಿಗೆ ಸಾರುತ್ತಿದ್ದರು. ನನಗೆ ಮೊದಮೊದಲು ನಾಚಿಕೆಯಿಂದ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಹಸಿರು ಶಾಯಿಯಲ್ಲಿ ಸಹಿ ಹಾಕುವ ಹಕ್ಕು ಗೆಜೆಟೆಡ್ ಅಧಿಕಾರಿಗಳಿಗೆ ಮಾತ್ರ, ಸೂಪರಿಂಟೆಂಡೆಂಟರಿಗೆ ಇಲ್ಲ. ಒಂದು ದಿನ ಒಳಗೆ ಬರುತ್ತಲೇ, "ನಾನರ ನಾನ್-ಗೆಜೆಟೆಡ್ಡು, ನನ್ನ ಉಚ್ಚಿ ಇವತ್ತ ಗೆಜೆಟೆಡ್ ಆಗೈತಿ ನೋಡ್ರಿ," ಎಂದರು. ಕನ್ನಡ ಬಾರದವರಿಗೆ ತೆಲುಗಿನಲ್ಲಿ ಹೇಳಿದರು. ಇಡೀ ಸೆಕ್ಷನ್ನು ಮೇಜು ಬಡಿದು ನಕ್ಕಿತು. ಆಮೇಲೆ ನನಗೂ ನಾಚಿಕೆ ಬಿಟ್ಟುಹೋಯಿತು.

ನಾನು ಸೇರಿ ಮೂರು ತಿಂಗಳಾಗಿರಬೇಕು, ಕಾಕು ಒಂದು ದಿನ ಕಚೇರಿಗೇ ಬಂದರು. ಕಾಕಾ ಮರೆತುಹೋದ ಊಟದ ಡಬ್ಬಿ ನೆಪ. ಡಬ್ಬಿಯನ್ನು ಅವರ ಮೇಜಿನ ಮೇಲೆ ಕುಕ್ಕಿ ನೇರ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು.

"ತಂಗಿ, ನಮ್ಮ ಕಡಿ ಹುಡುಗಿ ಬಂದಾಳಂತ ಕೇಳಿ ಭಾಳ ಧೈರ್ಯ ಆತವಾ. ಇವರ ಬಾಯಿ ಭಾಳ ಕೆಟ್ಟದ. ಮನ್ಯಾಗ ನಾ ನೋಡ್ಕೋತೀನಿ. ಇಲ್ಲಿ ನೀ ನೋಡ್ಕೋ. ನಿನ್ನ ಕೈಯಾಗ ಹಾಕೀನಿ ನೋಡು."

ಕಾಕಾ ಕೇಳಿಸಿಕೊಂಡೂ ಕೇಳಿಸದವರ ಹಾಗೆ ಫೈಲು ತಿರುವುತ್ತಿದ್ದರು. ಕಾಕು ಹೋದ ಮೇಲೆ ಒಂದು ಸಣ್ಣ ಚೀಟಿ ಬರೆದು ನನ್ನ ಮೇಜಿಗೆ ಕಳಿಸಿದರು. ಅದರಲ್ಲಿ ಕಚೇರಿಯ ಟಿಪ್ಪಣಿಯ ಧಾಟಿಯಲ್ಲೇ, ಆದರೆ ಕನ್ನಡದಲ್ಲಿ ಬರೆದಿತ್ತು: "ವಿಷಯ: ಇವತ್ತಿನ ಬಣ್ಣ ಹಸಿರು. ನಾಲ್ಕು ಗಂಟೆಗೆ ಅರ್ಧ ಕಪ್ ಚಹಾ, ಅರ್ಧ ಬಿಸ್ಕೀಟು. ಮಂಜೂರಾತಿ ಕೋರಿದೆ." ನಾನೂ ಕಡಿಮೆಯವಳೇ? ಕೆಳಗೆ "ಮಂಜೂರು" ಎಂದು ಬರೆದು ಕೊಂಕು ಸಹಿ ಹಾಕಿದೆ. ಜೀವನದಲ್ಲಿ ನಾನು ಮಂಜೂರು ಮಾಡಿದ ಮೊದಲ ಕಾಗದ ಅದು. ಬೆಳಗಿಂದ ಸಂಜೆಯವರೆಗೆ ಬೇರೆಯವರು ಬರೆದದ್ದನ್ನು ಬಡಿಯುವ ಟೈಪಿಸ್ಟಿಗೆ ಅಧಿಕಾರದ ರುಚಿ ಹತ್ತಿದ್ದು ಅಂದೇ.

ಚೀಟಿ ಹೋಗಬೇಕಾದ ಜಾಗ ಇರಾನಿ ಹೋಟೆಲು. ಅಲ್ಲಿಂದ ದಿನಾ ನಮಗೆ ಚಹಾ ತರುತ್ತಿದ್ದ ಮುದುಕ ವೇಟರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದೆವು. ಅವನನ್ನು ನಿಲ್ಲಿಸಿ ನನ್ನ ಹರಕು ಹಿಂದಿಯಲ್ಲಿ ತಾಕೀತು ಮಾಡಿದೆ: ಸಾಹೇಬರಿಗೆ ಸಕ್ಕರೆ ವಿಷ. ನನ್ನ ಸಹಿಯ ಚೀಟಿ ಇಲ್ಲದೆ ಒಂದು ಚಮಚೆ ಸಕ್ಕರೆಯ ಪದಾರ್ಥವನ್ನೂ ಕೊಡಕೂಡದು, ಅವರೇ ಕೇಳಿದರೂ ಕೊಡಕೂಡದು, ಕಾಲಿಗೆ ಬಿದ್ದರೂ ಕೊಡಕೂಡದು. ಚಾಚಾ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡ. ಅವನಿಗೆ ಕನ್ನಡ ಓದಲು ಬಾರದು, ಆದರೆ ನನ್ನ ಸಹಿಯ ಕೊನೆಯ ಸುರುಳಿ ಚೆನ್ನಾಗಿ ಗುರುತು ಹತ್ತಿತು. ಹೀಗೆ ಮೂರು ವರ್ಷ ನಡೆಯಿತು.

ಚಹಾ ಮೇಜಿಗೇ ಬರುತ್ತಿದ್ದರೂ ನಾಲ್ಕು ಗಂಟೆಯದನ್ನು ಕಾಕಾ ರಸ್ತೆ ದಾಟಿ ಹೋಗಿಯೇ ಕುಡಿಯುತ್ತಿದ್ದರು. "ಬಿಸ್ಕೀಟು ನಿಂತು ತಿನ್ನೋ ಪದಾರ್ಥ ಅಲ್ಲವಾ," ಅನ್ನುತ್ತಿದ್ದರು. ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿ, ಹೆಂಗಸರು ಕೂರುವ ಪರದೆಯ ಕೋಣೆಯಲ್ಲಿ ಎದುರಿಗೆ ಕೂರಿಸಿ ತೋರಿಸಿದರು. ಅರ್ಧ ಬಿಸ್ಕೀಟನ್ನು ನಾಲ್ಕು ತುಂಡು ಮಾಡುತ್ತಿದ್ದರು. ಮೊದಲ ತುಂಡು ಹಾಗೇ. ಎರಡನೆಯದು ಚಹಾದಲ್ಲಿ ಅದ್ದಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ರಸ್ತೆ ನೋಡುವುದು. "ಮೊದಲ ಉಪ್ಪು ಹತ್ತತೈತಿ. ಸಿಹಿ ಹಿಂದಿಂದ ಬರತೈತಿ, ತಡಾ ಮಾಡಿ. ಪೂರಾ ಬಿಸ್ಕೀಟು ಗಬಗಬ ನುಂಗೋರಿಗೆ ಅದು ಬರೋದ್ರಾಗ ಬಾಯಿ ಖಾಲಿ ಆಗಿರತೈತಿ." ಕೊನೆಯ ತುಂಡನ್ನು ತಟ್ಟೆಯಲ್ಲಿ ಬಿಟ್ಟು ಐದು ನಿಮಿಷ ಮಾತಾಡುತ್ತಿದ್ದರು, ಅದು ಅಲ್ಲೇ ಇದೆ ಅನ್ನುವ ಸುಖಕ್ಕೆ.

ಯಾರಾದರೂ "ಪಾಪ, ಏನೂ ತಿನ್ನುವ ಹಾಗಿಲ್ಲ" ಅಂದರೆ ಅವರಿಗೆ ಸಿಟ್ಟಲ್ಲ, ನಗು ಬರುತ್ತಿತ್ತು. ಮದುವೆಯ ಊಟ ಮಾಡಿ ಬಂದವರನ್ನು ಮುಂದೆ ಕೂರಿಸಿಕೊಂಡು ಪಾಟೀ ಸವಾಲು ಮಾಡುತ್ತಿದ್ದರು. ಲಾಡು ಮೆತ್ತಗಿತ್ತೋ ಬಿರುಸೋ? ಯಾಲಕ್ಕಿ ಮೊದಲು ಬಂತೋ ಪಚ್ಚಕರ್ಪೂರವೋ? ಅವರು ಹೇಳಲಾರದೆ ತಡವರಿಸಿದರೆ, "ಹಂಗಾದ್ರ ತಿಂದದ್ದು ನೀವೋ ನಿಮ್ಮ ಅಂಗಿಯೋ?" ಅನ್ನುತ್ತಿದ್ದರು. ಮುಂದಿನ ಸಲ ಮದುವೆಗೆ ಹೋದವರು ಕಾಕಾಗೆ ವರದಿ ಕೊಡಬೇಕೆಂದು ಗಮನ ಇಟ್ಟು ತಿನ್ನುತ್ತಿದ್ದರು. ನಮಗೆಲ್ಲ ಊಟ ಮಾಡುವುದನ್ನು ಕಲಿಸಿದವರು ಆ ಪಥ್ಯದ ಮನುಷ್ಯ.

ಸೀತಾಫಲದ ಕಾಲದಲ್ಲಂತೂ ಅವರೇ ಬುಟ್ಟಿ ತರುತ್ತಿದ್ದರು. ಎಲ್ಲರಿಗೂ ಒಂದೊಂದು ಹಣ್ಣು, ಅವರಿಗೆ ಮೂರು ಬೀಜ. ಮೂರು ಬೀಜದ ಸುತ್ತಲಿನ ತಿರುಳು ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿರುತ್ತಿತ್ತು. ತಿಂದು ಮುಗಿಸಿ, ಕರಿ ಬೀಜಗಳನ್ನು ತೊಳೆದು ಒರೆಸಿ ನನ್ನ ಟೈಪ್‌ರೈಟರಿನ ಪಕ್ಕ ಸಾಲಾಗಿ ಇಡುತ್ತಿದ್ದರು. ಒಂದು ಸಲ ನಾಲ್ಕು ಬೀಜ ಇದ್ದವು. "ಒಂದು ಅವಳಿ-ಜವಳಿ ಇತ್ತವಾ, ನಂದೇನು ತಪ್ಪು?" ಎಂದರು.

ಆದರೆ ಅವರು ಸಂತರು ಎಂದರೆ ಸುಳ್ಳಾಗುತ್ತದೆ. ಕಳ್ಳಾಟ ಆಡುತ್ತಿದ್ದರು. ಒಂದು ದಿನ ವೈದ್ಯರ ಸಲಹೆ ಎಂದು ಒಂದು ಕಾಗದ ತಂದು ಕೊಟ್ಟರು: "ರೋಗಿಯ ಮನಶ್ಶಾಂತಿಗಾಗಿ ವಾರಕ್ಕೊಂದು ಜಿಲೇಬಿ ಕೊಡತಕ್ಕದ್ದು." ಅಕ್ಷರ ಅವರದೇ! "ಕೊಡತಕ್ಕದ್ದು" ಎಂದು ಬರೆಯುವ ಡಾಕ್ಟರು ಭೂಮಿಯ ಮೇಲೆ ಎಲ್ಲಿದ್ದಾರೆ? ಇಡೀ ಸೆಕ್ಷನ್ನಿಗೆ ಓದಿ ಹೇಳಿ ಅವರ ಮರ್ಯಾದೆ ತೆಗೆದೆ. ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕಾಗದದ ದೆಸೆಯಿಂದ ಅವರ ಬಾಯಿಂದ ಬರುವ ಡಾಕ್ಟರ ಮಾತನ್ನು ನಾನು ಎಂದೂ ನಂಬದ ಹಾಗಾಯಿತು.

ಮೂರನೆಯ ವರ್ಷ ಗುಳಿಗೆಗಳು ಸಾಲದಾದವು, ಇನ್ಸುಲಿನ್ ಸೂಜಿ ಶುರುವಾಯಿತು. ಕಾಕು ಬೆಳಿಗ್ಗೆ ಗಾಜಿನ ಸಿರಿಂಜು ಕುದಿಸಿ ಕೊಡುತ್ತಿದ್ದರಂತೆ, ಇವರೇ ತೊಡೆಗೆ ಚುಚ್ಚಿಕೊಳ್ಳುತ್ತಿದ್ದರಂತೆ. ಎರಡು ವಾರ ಆಗುವುದರೊಳಗೆ ಬಣ್ಣ ನೀಲಿಗೆ ಬಂತು. ಮೂರು ವರ್ಷದಲ್ಲಿ ಒಂದು ಸಲವೂ ಕಾಣದ ನೀಲಿ! ನೀಲಿ ಪೆನ್ಸಿಲಿನಲ್ಲಿ ಚೀಟಿಯ ತುಂಬ ಗೀಚಿಕೊಂಡು ಬಂದರು. ದಿನಾ ನೀಲಿ. ನಾವೆಲ್ಲ ಗೆದ್ದೆವು ಅಂದುಕೊಂಡೆವು. ನೀಲಿ ಎಂದರೆ ಮೂತ್ರದಲ್ಲಿ ಸಕ್ಕರೆ ಇಲ್ಲ ಎಂದಷ್ಟೇ ಅರ್ಥ. ಮೈಯಲ್ಲಿ ಇರಬೇಕಾದಷ್ಟು ಇದೆಯೋ, ಅದಕ್ಕಿಂತ ಕೆಳಗೆ ಇಳಿದಿದೆಯೋ ಎನ್ನುವುದನ್ನು ಆ ನಳಿಕೆ ಹೇಳುವುದಿಲ್ಲ. ಇದು ನನಗೆ ತಿಳಿದದ್ದು ತಡವಾಗಿ.

ಅದೇ ದಿನಗಳಲ್ಲಿ ಒಂದು ಮುಂಜಾನೆ ಅವರ ಅಂಗಿಯ ಜೇಬಿನಲ್ಲಿ ಸಣ್ಣ ಕಾಗದದ ಪೊಟ್ಟಣ ಕಂಡಿತು.

"ಏನದು ಕಾಕಾ?"

"ಬೆಲ್ಲ, ಒಂದು ಚೂರು. ಸೂಜಿ ತಗೊಳ್ಳೋರು ಇಟ್ಕೋಬೇಕಂತ. ಕೈ ನಡುಗಿದ್ರ, ಬೆವತ್ರ ಬಾಯಾಗ ಹಾಕ್ಕೋರಿ ಅಂತ ಡಾಕ್ಟರು ಹೇಳ್ಯಾರ."

"ಹೌದ್ರಿ? ಬೆಲ್ಲಾನೂ ಕೊಡತಕ್ಕದ್ದು ಅಂದಾರೇನು? ಈ ಸಲಾನೂ ನಿಮ್ಮ ಅಕ್ಷರದಾಗ ಬರ್ದಾರೋ, ಬ್ಯಾರೇವರ ಅಕ್ಷರದಾಗೋ?"

ಎಲ್ಲರೂ ನಕ್ಕರು. ಕಾಕಾ ಒಂದು ಕ್ಷಣ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಅವರೂ ನಕ್ಕು, ಪೊಟ್ಟಣವನ್ನು ನನ್ನ ಚಾಚಿದ ಕೈಯಲ್ಲಿ ಇಟ್ಟರು. "ಅಥಾರಿಟಿ ಹುಕುಂ ಆದ ಮ್ಯಾಲೆ ಅಪೀಲು ಎಲ್ಲೈತಿ?" ಎಂದರು. ನಾನು ಅದನ್ನು ನನ್ನ ಡ್ರಾಯರಿನಲ್ಲಿ ಹಾಕಿ ಬೀಗ ಜಡಿದೆ. ಸಂಜೆ ಹೋಗುವಾಗ ವಾಪಸು ಕೊಟ್ಟೆ. ಮರುದಿನದಿಂದ ಅದೇ ಪದ್ಧತಿಯಾಯಿತು. ಹತ್ತೂವರೆಗೆ ಬಂದು ಪೊಟ್ಟಣ ಒಪ್ಪಿಸುವುದು, ಐದಕ್ಕೆ ಬಿಡಿಸಿಕೊಂಡು ಹೋಗುವುದು. ಅವರಿಗೆ ಅಲ್ಲಿಯವರೆಗೆ ಒಂದು ಸಲವೂ ಕೈ ನಡುಗಿರಲಿಲ್ಲ. ಅವರೂ ಅದನ್ನು ಆಟ ಎಂದೇ ತಿಳಿದಿದ್ದರು.

ಆರನೆಯ ದಿನ. ಅಸೆಂಬ್ಲಿ ನಡೆಯುತ್ತಿತ್ತು. ಹನ್ನೊಂದೂವರೆಗೆ ನಮ್ಮ ಸೆಕ್ಷನ್ನಿಗೆ ಒಂದು ಪ್ರಶ್ನೆ ಬಂತು. ಎರಡೂವರೆಯೊಳಗೆ ಉತ್ತರ ಮಂತ್ರಿಗಳ ಕೈ ಸೇರಬೇಕು. ಅಸೆಂಬ್ಲಿ ಪ್ರಶ್ನೆ ಬಂತೆಂದರೆ ಸರ್ಕಾರಿ ಕಚೇರಿಯಲ್ಲಿ ಹಸಿವು ನೀರಡಿಕೆ ಎಲ್ಲ ಬಂದ್. ಗಡಿಯಾರ ನೋಡಿ ಸರಿಯಾಗಿ ಒಂದಕ್ಕೆ ಡಬ್ಬಿ ಬಿಚ್ಚುತ್ತಿದ್ದ ಕಾಕಾ ಅಂದು ಬಿಚ್ಚಲಿಲ್ಲ. ನಾನು ಟೈಪು ಮಾಡಿ ಒಯ್ದು ಕೊಟ್ಟೆ. ಅವರು ತಿದ್ದಿದರು, ಮತ್ತೆ ಟೈಪು ಮಾಡಿದೆ. ಒಂದು ನಲವತ್ತಕ್ಕೆ ಎರಡನೆಯ ಪ್ರತಿ ಒಯ್ದಾಗ ಅವರ ಹಣೆಯಿಂದ ನೀರು ಇಳಿಯುತ್ತಿತ್ತು. ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಕಾಗದವನ್ನು ಕಸಿದುಕೊಂಡು, "ಕಣ್ಣು ಕಾಣಂಗಿಲ್ಲೇನು ನಿನಗ? ಇದನ್ನ ಟೈಪು ಅಂತಾರೇನು?" ಎಂದು ಕೂಗಿದರು. ಎಲ್ಲರ ಮುಂದೆ. ಮೂರು ವರ್ಷದಲ್ಲಿ ಒಂದು ಗಡುಸು ಮಾತಾಡಿದವರಲ್ಲ. ಆ ಪ್ರತಿಯಲ್ಲಿ ತಪ್ಪೇ ಇರಲಿಲ್ಲ.

ನಾನು ತಿರುಗಿ ಬಂದು ಚೀಲ ಎತ್ತಿಕೊಂಡೆ. ಅವರು ಎದ್ದು ಮೇಜು ಹಿಡಿದುಕೊಂಡು ನನ್ನ ಹತ್ತಿರ ಬಂದರು. ಕೈ ನಡುಗುತ್ತಿತ್ತು. ನಾನು ಅದನ್ನು ಸಿಟ್ಟಿನ ನಡುಕ ಅಂದುಕೊಂಡೆ.

"ಕೀಲಿ... ಬೆಲ್ಲ ಕೊಡು," ಅಂದರು. ನಾಲಿಗೆ ತೊದಲುತ್ತಿತ್ತು.

"ನಾಮಂಜೂರು," ಅಂದೆ.

ಎಷ್ಟು ಚೆಂದಾಗಿ ಅಂದೆ! ಕೀಲಿಯನ್ನು ಚೀಲದಲ್ಲಿ ಹಾಕಿಕೊಂಡು, ಬಾಗಿಲು ಬಡಿದು, ಹಿಂದಿನ ವರಾಂಡದ ಹೆಂಗಸರ ಕೋಣೆಗೆ ಹೋಗಿ ಅಳುತ್ತ ಊಟ ಮಾಡಿದೆ. ಆ ಊಟದಲ್ಲಿ ಮೊಸರನ್ನಕ್ಕೆ ಮೆಂತ್ಯದ ಉಪ್ಪಿನಕಾಯಿ ಇತ್ತು. ಈಗಲೂ ಅದರ ವಾಸನೆ ನನಗೆ ಆಗುವುದಿಲ್ಲ.

ಮುಂದಿನದನ್ನು ಚಾಚಾ ಹೇಳಿದ್ದು. ಸಾಹೇಬರು ರಸ್ತೆ ದಾಟಿ, ವಾಲಾಡುತ್ತ ಬಂದು, ಮೂರು ಕಲ್ಲಿನ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರಂತೆ. "ಪೂರಾ ಕಪ್ಪು, ಸಕ್ಕರೆ, ಬೇಗ" ಅಂದರಂತೆ. ಇವನು ಎಂದಿನ ಹಾಗೆ ನಕ್ಕು, "ಚಿಟ್ಠಿ ಕಹಾಂ ಸಾಬ್?" ಎಂದು ಕೈ ಚಾಚಿದನಂತೆ. ಅವರು ಜೇಬಿಗೆ ಕೈ ಹಾಕಿದರಂತೆ, ಒಂದರಲ್ಲಿ ನೋಡಿದರಂತೆ, ಇನ್ನೊಂದರಲ್ಲಿ ನೋಡಿದರಂತೆ. ಹುಡುಕುತ್ತ ಹುಡುಕುತ್ತ ಹಿಂದಕ್ಕೆ ಬಿದ್ದರಂತೆ.

ಸುದ್ದಿ ಕೇಳಿ ನಾನು ಓಡಿ ಹೋದಾಗ ಸುತ್ತ ಜನ. "ಮಧ್ಯಾಹ್ನಕ್ಕೇ ಕುಡಿದಿದ್ದಾನೆ ನೋಡು," ಎಂದು ಒಬ್ಬ ತೆಲುಗಿನಲ್ಲಿ ಅನ್ನುತ್ತಿದ್ದ. ಹನಿ ಮುಟ್ಟದ ಮನುಷ್ಯ! ಚಪ್ಪಲಿ ಹಾರಿಹೋಗಿ ಬಲಗಾಲಿನ ಬೆರಳು ಚರಂಡಿಯ ಕಬ್ಬಿಣದ ಸರಳಿಗೆ ಸಿಕ್ಕು ಸೀಳಿತ್ತು. ಪಕ್ಕದ ಔಷಧದ ಅಂಗಡಿಯವರು ಬಂದು ನೋಡಿದವರೇ ಸಕ್ಕರೆ ಕಲಸಿ ಒಸಡಿಗೆ ತಿಕ್ಕಿದರು, ಆಮೇಲೆ ಚಮಚೆಯಲ್ಲಿ ಹಾಕಿದರು. ಹತ್ತು ನಿಮಿಷದಲ್ಲಿ ಕಾಕಾ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಪ್ರಶ್ನೆದ್ದು ಉತ್ತರ ಹೋತೇನವಾ?"

ನನ್ನ ಕೈಯಲ್ಲಿ ಡ್ರಾಯರಿನ ಕೀಲಿ ಇತ್ತು. ಯಾವಾಗ ಚೀಲದಿಂದ ತೆಗೆದೆನೋ ಗೊತ್ತಿಲ್ಲ. ಅವರು ಅದನ್ನು ನೋಡಿದರು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮುಚ್ಚಿದರು. "ಮನ್ಯಾಗ ನೀ ಏನೂ ಹೇಳಾಕ ಹೋಗಬ್ಯಾಡ. ನಾ ಹೇಳ್ತೀನಿ," ಅಂದರು. ನಾನು ತಲೆ ಆಡಿಸಿದೆ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ಕಾಕು ಬಂದು ನನ್ನನ್ನು ಬೈಯುತ್ತಾರೆ ಎಂದು ದಿನಾ ಕಾದೆ. ಕಾಕು ಬರಲಿಲ್ಲ.

ಬೆರಳಿನ ಗಾಯ ಸಣ್ಣದು. "ನೋವಾ ಇಲ್ಲ ನೋಡವಾ," ಎಂದು ಕಾಕಾ ಹೆಮ್ಮೆಯಿಂದ ಹೇಳುತ್ತಿದ್ದರು. ಸಕ್ಕರೆ ಕಾಯಿಲೆ ಕಾಲಿನ ಸ್ಪರ್ಶವನ್ನೇ ಕೊಂದಿತ್ತು, ನೋವು ಇಲ್ಲದ್ದೇ ಕುತ್ತಾಯಿತು. ಮೂರು ವಾರದಲ್ಲಿ ಬೆರಳು ಕಪ್ಪಾಯಿತು. ಮೊದಲು ಎರಡು ಬೆರಳು ತೆಗೆದರು, ಎರಡು ತಿಂಗಳ ನಂತರ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಅವರು ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡರು. ಸೆಕ್ಷನ್ನಿನಲ್ಲಿ ಬೀಳ್ಕೊಡುಗೆ ಸಭೆ ಕೂಡ ಆಗಲಿಲ್ಲ, ಮಹಡಿ ಹತ್ತುವುದು ಹೇಗೆ? ಚಾಚಾ ನನ್ನನ್ನು ಕಂಡಾಗೆಲ್ಲ, "ಮೈ ಚಿಟ್ಠಿ ಪೂಛಾ ಬೇಟಾ, ಚಿಟ್ಠಿ ಪೂಛಾ," ಎಂದು ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ನಿನ್ನ ತಪ್ಪಲ್ಲ ಚಾಚಾ, ಚೀಟಿ ಕೇಳು ಅಂದವಳು ನಾನೇ ಅಲ್ಲವೇ ಎಂದು ನಾನು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆ ಬೆಲ್ಲದ ಪೊಟ್ಟಣ ಡ್ರಾಯರಿನಲ್ಲೇ ಕರಗಿ ಕಾಗದಕ್ಕೆ ಅಂಟಿಕೊಂಡಿತು. ಬಹಳ ದಿನ ಅದನ್ನು ತೆಗೆಯುವುದಕ್ಕೂ ನನಗೆ ಧೈರ್ಯ ಬರಲಿಲ್ಲ.

ಮೊದಲ ವರ್ಷ ಭಾನುವಾರ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಕಾಕಾ ವರಾಂಡದ ಕುರ್ಚಿಯಲ್ಲಿ ಕೂತಿರುತ್ತಿದ್ದರು, ಪಕ್ಕದಲ್ಲಿ ಬಡಿಗೆ. ಮೊದಲ ಭೇಟಿಯಲ್ಲೇ ಜೇಬಿನಿಂದ ಚೀಟಿ ತೆಗೆದರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದದ್ದು. "ಬಣ್ಣ ಹಸಿರು. ಸೀತಾಫಲ, ಮೂರು ಬೀಜ." ಪೆನ್ನನ್ನೂ ಕೊಟ್ಟರು. ಸಹಿ ಹಾಕಲು ನನ್ನ ಕೈ ಏಳಲಿಲ್ಲ.

"ನೀವ ನೋಡ್ಕೋರಿ ಕಾಕಾ. ಇನ್ನ ಮ್ಯಾಲೆ ನನಗ ಕೇಳಬ್ಯಾಡ್ರಿ," ಅಂದೆ.

"ಅಥಾರಿಟಿ ರಾಜೀನಾಮೆ ಕೊಟ್ಟುಬಿಡ್ತಲ್ಲ," ಎಂದು ನಗಲು ನೋಡಿದರು. ಚೀಟಿಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು. ಆ ದಿನ ಅವರು ಸೀತಾಫಲ ತಿನ್ನಲಿಲ್ಲ. ಒಂದು ಸಹಿ ಹಾಕಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅವರಿಗೆ ಬೇಕಾಗಿದ್ದದ್ದು ಹಣ್ಣಲ್ಲ, ಆ ಆಟ ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ನನ್ನ ತಪ್ಪೇ ಕಣ್ಣ ತುಂಬ ಇತ್ತು, ಅವರು ಕಾಣುತ್ತಲೇ ಇರಲಿಲ್ಲ.

ಕಾಕು ನನ್ನೊಂದಿಗೆ ಎಂದಿನ ಹಾಗೇ ಇದ್ದರು, ಅದೇ ಆಶ್ಚರ್ಯ. ಚಹಾ ಕೊಟ್ಟರು, ತಲೆ ನೇವರಿಸಿದರು. ಆದರೆ ಕಾಕಾರನ್ನು ಮಾತ್ರ ನನ್ನ ಮುಂದೆಯೇ ಅನ್ನುತ್ತಿದ್ದರು. "ಬಾಯಿ ಚಪಲ ಕಾಲು ತಿಂತು ನೋಡವಾ." "ಈ ನಾಲಿಗಿ ಒಂದು ದಿನ ತಡೀತಿದ್ರ ಇವತ್ತ ಕುರ್ಚಿ ಹಿಡೀತಿದ್ದಿಲ್ಲ." ಕಾಕಾ ನನ್ನ ಕಡೆ ಒಮ್ಮೆ ನೋಡಿ, "ಅದಿರಲಿ, ಯಾರರ ಮದುವಿ ಊಟ ಮಾಡೀಯೇನು? ಹೇಳು," ಎಂದು ಮಾತು ತಿರುಗಿಸುತ್ತಿದ್ದರು. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಹೆಂಡತಿಯರು ಆಡುವ ಮಾತು ಇದು, ಎಲ್ಲರ ಮನೆಯಲ್ಲೂ ಇರುತ್ತದೆ ಅಂದುಕೊಂಡೆ. ಅನ್ನದೆ ಅವರಿಗಾದರೂ ಹೇಗೆ ಕಳೆಯಬೇಕು?

ಆಮೇಲೆ ನನ್ನ ಮದುವೆಯಾಯಿತು, ಕೂಕಟ್‌ಪಲ್ಲಿಗೆ ಬಂದೆ. ಅಲ್ಲಿಂದ ದಿಲ್‌ಸುಖ್‌ನಗರ ಊರಿನ ಇನ್ನೊಂದು ತುದಿ, ಎರಡು ಬಸ್ಸು. ದೂರ ಎನ್ನುವುದು ನನಗೆ ಒಳ್ಳೆಯ ನೆಪವಾಯಿತು. ಭಾನುವಾರಗಳು ತಿಂಗಳಾದವು, ತಿಂಗಳು ವರ್ಷಕ್ಕೊಂದು ಸಲವಾಯಿತು. ಸೀತಾಫಲದ ದಿನಗಳಲ್ಲಿ ಒಂದು ಸಲ ಹೋಗಿ ಬಂದರೆ ಆಯಿತು. ಹೋದಾಗೆಲ್ಲ ಅವರು ನನ್ನಿಂದ ಯಾವುದಾದರೂ ಊಟದ ವರದಿ ಕೇಳುತ್ತಿದ್ದರು. ಕಣ್ಣು ಮಂಜಾದ ಮೇಲೂ ಕೇಳುತ್ತಿದ್ದರು. ಹೋದ ವರ್ಷ ಮೂತ್ರಪಿಂಡಗಳು ಸೋತಿವೆ ಎಂದು ತಿಳಿದ ಮೇಲೂ, "ಹುಗ್ಗಿಗೆ ಗಸಗಸಿ ಹಾಕಿದ್ರೇನು?" ಎಂದು ಕೇಳಿದರು. ಪ್ರತಿ ಸಲ ಇವತ್ತು ಕ್ಷಮೆ ಕೇಳುತ್ತೇನೆ ಎಂದು ಮನೆ ಬಿಡುತ್ತಿದ್ದೆ, ಹುಗ್ಗಿಯ ಮಾತು ಆಡಿ ವಾಪಸು ಬರುತ್ತಿದ್ದೆ. ಈ ವರ್ಷ ಸೀತಾಫಲ ಪೇಟೆಗೆ ಬರುವ ಮೊದಲೇ ಅವರು ಹೋದರು.

ಹನ್ನೊಂದನೆಯ ದಿನ ಜನ ಬಹಳ ಇರಲಿಲ್ಲ. ಎರಡನೆಯ ಪಂಕ್ತಿ ಎದ್ದ ಮೇಲೆ ಕಾಕು ಒಳಕೋಣೆಯಲ್ಲಿ ಕಾಕಾರ ಫೋಟೋದ ಎದುರು ಗೋಡೆಗೆ ಒರಗಿ ಕೂತಿದ್ದರು. ಫೋಟೋದ ಮುಂದೆ ಎಡೆ. ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಲೆ, ಅರ್ಧ ಹೋಳಿಗೆ. ಅರ್ಧವೇ. ಕೈ ರೂಢಿ ಬಿಟ್ಟಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಒಂದು ಮಾತು ಹೇಳ್ತೀನಿ ತಂಗಿ," ಎಂದು ಅವರೇ ಶುರು ಮಾಡಿದರು. "ಅವತ್ತ ಬಿದ್ದ ದಿನ ಮನಿಗೆ ಬಂದು ನನಗೇನಂದ್ರು ಗೊತ್ತೈತೇನು? ಜೇಬಿನ್ಯಾಗ ಕಟ್ಟಿ ಕಳಿಸಿದ್ದ ಬೆಲ್ಲ ಎಲ್ರಿ ಅಂದೆ. ಆಫೀಸು ಮುಟ್ಟಿದ ಕೂಡ್ಲೇ ಆಸೆ ತಡೀಲಿಲ್ಲ, ತಿಂದುಬಿಟ್ನಿ ಅಂದ್ರು. ಹೊತ್ತಿಗೆ ಇರಲಿಲ್ಲ ಅಂದ್ರು. ಹನ್ನೊಂದು ವರ್ಷ ಅಂದ್ನವಾ ಅದನ್ನ. ಬಡಿಗಿ ಕೈಯಾಗ ಕೊಡೋ ಮುಂದ ಅಂದ್ನಿ, ಜಳಕಾ ಮಾಡ್ಸೋ ಮುಂದ ಅಂದ್ನಿ. ಹೋಗೋದು ಎರಡು ದಿನ ಇತ್ತು, ಆವಾಗೂ ಅಂದ್ನಿ. ಸುಮ್ಮನ ಕೇಳ್ಕೋತ ಮಲಗಿದ್ರು."

ಆ ವರಾಂಡ, ಆ ಬೈಗುಳ, ನನ್ನ ಕಡೆ ಒಮ್ಮೆ ನೋಡಿ ಮಾತು ತಿರುಗಿಸುತ್ತಿದ್ದ ಆ ಮುಖ. ನಾನು ಎದುರಿಗೆ ಕೂತು ಚಹಾ ಕುಡಿಯುತ್ತಿದ್ದಾಗ ನನ್ನ ಪಾಲಿನ ಬೈಗುಳವನ್ನು ಅವರು ತಿನ್ನುತ್ತಿದ್ದರು. ಸುಮ್ಮನಿದ್ದುಬಿಡು ಎಂದು ಒಳಗೆ ಒಂದು ದನಿ ಹೇಳಿತು. ಅವರೇ ಮುಚ್ಚಿಟ್ಟದ್ದನ್ನು ನೀನು ಯಾಕೆ ತೆಗೆಯುತ್ತೀ ಎಂದಿತು. ಆದರೆ ಬಾಯಿ ಚಪಲದಿಂದ ಕಾಲು ಕಳೆದುಕೊಂಡ ಮನುಷ್ಯ ಎಂದು ಅವರ ಹೆಂಡತಿಯೇ ಅವರನ್ನು ನೆನೆಯುವ ಹಾಗೆ ಬಿಟ್ಟು ನಾನು ಬಸ್ಸು ಹತ್ತಲಾರದೆ ಹೋದೆ.

ಎಲ್ಲ ಹೇಳಿದೆ. ಪೊಟ್ಟಣ, ಡ್ರಾಯರು, ಕೀಲಿ, ನಾಮಂಜೂರು, ಚಾಚಾನ ಚೀಟಿ.

"ಅಂದ್ರ ಅವರು ತಿಂದಿದ್ದಿಲ್ಲ?"

"ಇಲ್ಲ ಕಾಕು."

"ಒಂದು ಚೂರೂ?"

"ಒಂದು ಚೂರೂ ಇಲ್ರಿ. ಬೇಡಿದ್ರು, ನಾ ಕೊಡ್ಲಿಲ್ಲ."

ಬೈಯಲಿ, ಕಪಾಳಕ್ಕೆ ಬಾರಿಸಲಿ ಎಂದು ಕಾದೆ. ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. ಫೋಟೋ ನೋಡುತ್ತ ಕೂತಿದ್ದರು.

"ನಿಮ್ಮ ಬಾಯಾಗ ನಾಲಿಗಿ ಇದ್ದಿದ್ದಿಲ್ಲೇನ್ರಿ?" ಎಂದರು, ಫೋಟೋಕ್ಕೆ. "ಹನ್ನೊಂದು ವರ್ಷದಾಗ ಒಂದು ಸಲ ಹೇಳಬಾರದಾಗಿತ್ತೇನ್ರಿ ನನಗ?"

ಆಮೇಲೆ ಎದ್ದರು. ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ, ಬೆಳಿಗ್ಗೆ ಮುರಿದು ಎತ್ತಿಟ್ಟಿದ್ದ ಉಳಿದ ಅರ್ಧ ಹೋಳಿಗೆ ಇತ್ತು. ಫೋಟೋದ ಮುಂದೆ ಕೂತು, ಎಲೆಯ ಮೇಲಿನ ಅರ್ಧಕ್ಕೆ ಇದನ್ನು ಸೇರಿಸಿ ಇಟ್ಟು, ಮೇಲೆ ತುಪ್ಪ ಹಾಕಿದರು.

"ತಿನ್ರಿ," ಅಂದರು. "ನಾ ಏನೂ ಅನ್ನಂಗಿಲ್ಲ."